ಟೇಪು ಹಿಡಿದ ಕೈ

ಕಾರು ಗುದ್ದಿದ ಮೇಲೆ ರಾಣೆಬೆನ್ನೂರಿನ ಟೈಲರ್ ವಿಠೋಬನ ಬಲಗೈ ಮೇಲೇಳುತ್ತಿರಲಿಲ್ಲ. ಪರಿಹಾರಕ್ಕೆ ಕೇಸು ಹಾಕಿದ್ದ. ಕೈ ನೆಟ್ಟಗಿದೆಯೆಂದು ಸಾಬೀತು ಮಾಡಲು ವಿಮಾ ಕಂಪನಿಯ ಅಧಿಕಾರಿ ಚಂದ್ರಮೌಳಿ ಗಿರಾಕಿಯಂತೆ ಅಂಗಡಿಗೆ ಬಂದ.

"ಪ್ಯಾಂಟ್ ಹೊಲೀಬೇಕು. ಅಳತೆ ತಗೊಳ್ಳಿ."

ಗಿರಾಕಿಗಳು ಬಟ್ಟೆ ನೋಡುತ್ತಾರೆ. ಈತ ಭುಜವನ್ನೇ ನೋಡುತ್ತಿದ್ದ. ವಿಠೋಬನಿಗೆ ವಾಸನೆ ಹತ್ತಿತು.

"ಕೈ ಏಳಂಗಿಲ್ರೀ ಸಾಹೇಬ್ರ. ಟೇಪು ನೀವ ಹಿಡೀರಿ, ಬುಕ್ಕಿನಾಗ ನೀವ ಬರೀರಿ. ಹೊಲಿಯಾಕ ನನ್ನ ಹೆಂಡ್ತಿ ಅದಾಳ."

ಚಂದ್ರಮೌಳಿ ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು ಅಳೆದುಕೊಂಡ. ಸೊಂಟ ಮೂವತ್ತನಾಲ್ಕು ಎಂದು ಬರೆದ. ವಿಠೋಬ ಎಡಗೈಯಲ್ಲಿ ಬುಕ್ಕು ಮುಚ್ಚಿಟ್ಟ.

ಕೋರ್ಟಿನಲ್ಲಿ ಚಂದ್ರಮೌಳಿ ಎದೆ ಸೆಟೆಸಿ ಹೇಳಿದ: "ಸ್ವಾಮಿ, ಬರೆದದ್ದು ನಾನು. ಟೇಪು ಹಿಡಿದದ್ದು ಇವನದೇ ಬಲಗೈ!"

ವಿಠೋಬ ಎಡಗೈಯಲ್ಲಿ ಒಂದು ಪೊಟ್ಟಣ ಮುಂದಿಟ್ಟ. "ಸಾಹೇಬ್ರ, ಇವ್ರು ಕೊಟ್ಟ ಅಳತಿಗೇ ಹೊಲಿದ ಪ್ಯಾಂಟ್ ಇದು. ಗಿರಾಕಿ ಉಸಿರು ಬಿಡೂತನಕ ನಾ ಎಂದೂ ಸೊಂಟ ಅಳದಾವ ಅಲ್ಲ. ನಾನ ಅಳದಿದ್ರ ಇದು ಸರಿಯಾಗಿ ಕೂಡ್ತೈತಿ. ಹಾಕ್ಕೊಂಡು ಬರ್ಲಿ."

ನ್ಯಾಯಾಧೀಶರು ಪಕ್ಕದ ಕೋಣೆ ತೋರಿಸಿದರು. ಚಂದ್ರಮೌಳಿ ಬಹಳ ಹೊತ್ತಿನ ಮೇಲೆ ಹೊರಬಂದ. ಗುಂಡಿಗೂ ಕಾಜಿಗೂ ನಡುವೆ ನಾಲ್ಕು ಬೆರಳು ಅಂತರ. ಎರಡೂ ಕೈಯಲ್ಲಿ ಮುಂಭಾಗ ಮುಚ್ಚಿಕೊಂಡು ನಿಂತ.

ನ್ಯಾಯಾಧೀಶರು ನಗು ನುಂಗಿಕೊಂಡು ಹೇಳಿದರು: "ಅಳತೆ ತೆಗೆದದ್ದು ಇವರೇ ಅಂತ ಈಗ ಕೈಯೆತ್ತಿ ಹೇಳಿ."

ಚಂದ್ರಮೌಳಿ ಫ್ಯಾನು ನೋಡಿದ, ನೆಲ ನೋಡಿದ. ಕೈ ಮಾತ್ರ ಏಳಲಿಲ್ಲ.

ವಿಠೋಬ ಮರುಗಿದ: "ಅಯ್ಯೋ ಪಾಪ! ಇವ್ರಿಗೂ ಕಾರು ಗುದ್ದೇತೇನ್ರಿ?"