ಐಸಿರಿಯಮ್ಮನ ಮಡಿಲು

ಬಾಗಿಲು ಮುಂದಕ್ಕೆ ಹಾಕ್ಬಿಟ್ಟು ಬಾ ಕೂಸೆ. ಹತ್ರ ಬಾ, ಇನ್ನೂ ಹತ್ರ. ಇದು ಜೋರಾಗಿ ಹೇಳೋ ಕತೆಯಲ್ಲ. ಗೋಡೆಯಾಚೆ ತಿಬ್ಬಾದೇವಿ ಇದ್ದಾಳೆ, ಇಲ್ಲಿ ಒಗ್ಗರಣೆ ಚಟಪಟ ಅಂದ್ರೆ ಸಾಕು, ನಮ್ಮನೇಲಿ ಇವತ್ತು ಏನು ಸಾರು ಅಂತ ಅವಳು ಅಲ್ಲಿಂದಾನೇ ಹೇಳ್ತಾಳೆ. ಇದು ಅವಳ ಗಂಡನ ಮನೆ ಹಿರೀಕರ ಕತೆ. ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ನನ್ನ ತಲೆ ಮುಟ್ಟಿ ಹೇಳು. ನಾನೂ ಯಾರಿಗೂ ಹೇಳಿಲ್ಲಮ್ಮ, ಕೊಳಾಯಿ ಹತ್ರ ಒಂದು ನಾಕು ಜನಕ್ಕೆ ಬಿಟ್ರೆ. ಹ್ಞೂಂ ಅಂತಿರು. ಹ್ಞೂಂ ಅನ್ನದಿದ್ರೆ ನಾನು ಅಲ್ಲಿಗೇ ನಿಲ್ಲಿಸ್ಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಅಂದ್ರೆ ಈ ಬೀದಿಗೆ ಕೊಳಾಯಿ ಬರೋಕೂ ಮುಂಚೆ, ಬೀದಿಗೊಂದು ಬಾವಿ, ಬಾವಿಗೊಂದು ಜಗಳ ಇದ್ದ ಕಾಲದಲ್ಲಿ, ಇಲ್ಲಿ ಪುರಿ ನಿಂಗಾಜಮ್ಮ ಅಂತ ಒಬ್ಬಳು ಇದ್ಳಂತೆ. ಅವಳಿಗೆ ಮೂರು ಗಂಡುಮಕ್ಕಳು, ಮೂರು ಸೊಸೆಯರು, ಕೊನೇಲಿ ಮಾದೇವಿ ಅಂತ ಒಬ್ಬ ಮಗಳು. ಗಂಡುಮಕ್ಕಳು ಬೆಳಗೆದ್ದು ಭಟ್ಟಿಗೆ ಬೆಂಕಿ ಹಾಕಿ ಮರಳಲ್ಲಿ ಅಕ್ಕಿ ಹುರಿದು ಕಡ್ಲೆಪುರಿ ಮಾಡೋರಂತೆ, ಹೊಟ್ಟೆಗೆ ಬಟ್ಟೆಗೆ ಸರಿಹೋಗ್ತಿತ್ತಂತೆ, ಅದರ ಮೇಲೆ ಏನೂ ಉಳೀತಿರಲಿಲ್ವಂತೆ. ಆಮೇಲೆ ಮಾದೇವಿಗೆ ಗಂಡು ಗೊತ್ತಾಯ್ತು. ಗಂಡಿನ ಕಡೆಯೋರು ಬೇರೆ ಏನೂ ಕೇಳಲಿಲ್ವಂತೆ, ಅಜ್ಜಿ ಕಾಲದ ಕಾಸಿನ ಸರ ಒಂದು ಕೊರಳಲ್ಲಿ ಇರಬೇಕು, ಅಷ್ಟೇ ಅಂದ್ರಂತೆ. ಸರ ಪೆಟ್ಟಿಗೇಲಿ ಭದ್ರವಾಗಿತ್ತು. ಮಿಕ್ಕ ಖರ್ಚಿಗೆ ಏನಾದ್ರೂ ಮಾಡಿ ಕಾಸು ಕೂಡಿಸ್ರಮ್ಮಾ ಅಂತ ಅತ್ತೆ ಸೊಸೆಯರಿಗೆ ಹೇಳಿದ್ಳಂತೆ.

ಆಮೇಲೆ ಏನಾಯ್ತು ಗೊತ್ತಾ? ಹೇಳೋಕೆ ನಂಗೇ ನಾಚಿಕೆ. ಕಿರಿ ಸೊಸೆ ಚಿಕ್ಕತಾಯಿ ಇದ್ಳಲ್ಲ, ಅವಳು ಮೂಟೆ ತಳದಲ್ಲಿ ಉಳಿಯೋ ಪುಡಿಪುರಿ ತಗೊಂಡು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹೆಚ್ಚಾಕಿ, ಚೂರು ಎಣ್ಣೆ, ನಿಂಬೆಹಣ್ಣು ಹಿಂಡಿ ಚುರುಮುರಿ ಕಲಸ್ಕೊಂಡು ಸಂತೆಮಾಳದಲ್ಲಿ ಕೂತ್ಕೊಂಡ್ಳಂತೆ! ಮನೆ ಸೊಸೆ! ಬೀದೀಲಿ! ಕುಕ್ಕರುಗಾಲಲ್ಲಿ! ಬಾ ಅಣ್ಣ, ಖಾರ ಜಾಸ್ತಿ ಹಾಕ್ಲಾ ಅಂತ ಕಂಡೋರನ್ನೆಲ್ಲ ಮಾತಾಡಿಸೋದು! ಇಡೀ ಬೀದಿ ಬಾಯಿ ಮೇಲೆ ಸೆರಗು ಹಾಕ್ಕೊಂಡ್ತಂತೆ. ನಿಂಗಾಜಮ್ಮ, ಒಳಗೆ ಬರಬೇಡ ಕಣೇ, ಹಿತ್ತಿಲಲ್ಲೇ ಉಣ್ಣು ಅಂದ್ಳಂತೆ. ಅವಳು ಹಿತ್ತಿಲಲ್ಲೇ ಉಂಡು, ಮುಂದಿನ ಸಂತೆಗೆ ಮತ್ತೆ ಹೋಗಿ ಕೂತ್ಳಂತೆ. ಮೂರು ಸಂತೆ ಕಳೆಯೋದ್ರಲ್ಲಿ ಮದುವೆ ಊಟದ ಅಕ್ಕಿ ಬೇಳೆ ಅವಳ ದುಡ್ಡಲ್ಲೇ ಬಂತಂತೆ, ಆದ್ರೆ ಅದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ವಂತೆ.

ನಿದ್ದೆ ಬಂತಾ? ಹ್ಞೂಂ ಅನ್ನು. ಈಗ ಬರ್ತಾಳೆ ನೋಡು.

ಬೀದಿ ಕೊನೆ ಖಾಲಿ ಮನೆಗೆ ಒಬ್ಬ ಹೆಂಗಸು ಬಂದು ಇಳಿದ್ಳಂತೆ. ರೇಷ್ಮೆ ಸೀರೆ, ಹಣೆ ಮೇಲೆ ಕಾಸಗಲ ಕುಂಕುಮ, ಹೆಸರು ಐಸಿರಿಯಮ್ಮ. ನಾನು ಈ ಬೀದಿ ಮಗಳು ಅಂದ್ಕೊಳ್ರಮ್ಮಾ ಅಂದ್ಳಂತೆ. ನನ್ನ ಮಡಿಲಲ್ಲಿ ಅಮ್ಮನೋರು ಕೂತವ್ರೆ, ಶುಕ್ರವಾರ ನನ್ನ ಮಡಿಲಿಗೆ ಒಡವೆ ಹಾಕಿ, ಬರೋ ಶುಕ್ರವಾರ ಒಂದಕ್ಕೆ ಎರಡು ತಗೊಳ್ಳಿ, ಆದ್ರೆ ಒಬ್ಬೊಬ್ರೂ ಮೂರು ಮೂರು ಜನಾನ ಕರ್ಕೊಂಡು ಬರಬೇಕು ಅಂದ್ಳಂತೆ. ಅಯ್ಯೋ ನಮ್ಮ ಹೆಂಗಸರ ಬುದ್ಧಿಯೇ! ಇದೇ ಮಾತು ಒಬ್ಬ ಗಂಡಸು ಚೀಲ ಹಿಡ್ಕೊಂಡು ಬಂದು ಕೇಳಿದ್ರೆ ಕಾಲಿಗೆ ಬುದ್ಧಿ ಹೇಳೋ ತನಕ ಬಿಡ್ತಿರಲಿಲ್ಲ. ಮಡಿಲು ಅಂದ್ಳಲ್ಲ, ಕರಗಿಬಿಟ್ರು. ಮಡಿಲಿಗೆ ಹಾಕೋದನ್ನ ನಾವು ಎಣಿಸಲ್ಲ, ಯಾಕೆ ಅಂತ ಕೇಳಲ್ಲ, ಹಾಕಿದ ಮೇಲೆ ವಾಪಸ್ಸೂ ಕೇಳಲ್ಲ. ಆ ಗಯ್ಯಾಳಿ ಅದನ್ನ ಚೆನ್ನಾಗಿ ತಿಳ್ಕೊಂಡೇ ಬಂದಿದ್ಳು.

ಮೊದಲನೇ ಶುಕ್ರವಾರ ದೊಡ್ಡ ಸೊಸೆ ಕೆಂಪಾಜಿ ಕಿವಿಯೋಲೆ ಹಾಕಿದ್ಳಂತೆ. ಎರಡನೇ ಶುಕ್ರವಾರ ಓಲೆ ಬಂತು, ಓಲೆ ಜೊತೆ ಒಂದು ಮೂಗುಬೊಟ್ಟೂ ಬಂತಂತೆ! ಅದನ್ನ ಕಂಡು ನಡುವಿನ ಸೊಸೆ ಪುಟ್ಟಗೌರಿ ಕಾಲುಂಗುರ ಬಿಚ್ಚಿ ಹಾಕಿದ್ಳಂತೆ. ಕಾಲುಂಗುರಾನ ಕೂಸೆ, ಗಂಡ ಭಟ್ಟಿ ಮುಂದೆ ಗುಂಡುಕಲ್ಲಿನಂಗೆ ಕೂತಿರುವಾಗ!

ಚಿಕ್ಕತಾಯಿ ಸಂಜೆ ಬಂದೋಳು ಕೆಂಪಾಜಿ ಮೂಗು ನೋಡಿ ಹಂಗೇ ನಿಂತ್ಕೊಂಡ್ಳಂತೆ. ಅಕ್ಕಾ, ಇದರಲ್ಲಿ ಒಂದು ಕೆಂಪುಹರಳು ಬಿದ್ದೋಗಿದೆ, ಇದು ಬಳೆಗಾರ್ತಿ ಮೂಗುಬೊಟ್ಟು ಕಣಕ್ಕಾ, ಹೋದ ಸಂತೇಲಿ ಬರೀ ಮೂಗಲ್ಲಿ ಬಂದಿದ್ಳು, ಐಸಿರಿಯಮ್ಮನ ಮಡಿಲಿಗೆ ಹಾಕಿದೀನಿ, ಎರಡಾಗಿ ಬರುತ್ತೆ ಅಂತ ಚುರುಮುರಿ ತಿಂತಾ ಹೇಳಿದ್ಳು, ನಿಂಗೆ ಕೊಟ್ಟಿರೋದು ಅವಳದ್ದು, ಅವಳಿಗೆ ಕೊಡೋದು ಇನ್ಯಾರದ್ದೋ ಅಂದ್ಳಂತೆ. ಹೋಗೆ ಹೋಗೆ, ಪೊಟ್ಟಣ ಕಟ್ಟೋಳಿಗೆ ಐಸಿರಿ ಕಂಡ್ರೆ ಹೊಟ್ಟೆ ಉರಿ ಅಂತ ಇಬ್ರೂ ನಕ್ಕರಂತೆ. ನಕ್ಕಿದ್ದಲ್ಲದೆ ಅತ್ತೆ ಕಿವೀಲಿ ಊದಿ ಊದಿ, ಮೂರನೇ ಶುಕ್ರವಾರ ಆ ನಿಂಗಾಜಮ್ಮ, ನೆತ್ತಿ ಬೆಳ್ಳಗಾದ ಹೆಂಗಸು, ಮಗಳ ಕಾಸಿನ ಸರಾನೇ ತಗೊಂಡೋಗಿ ಹಾಕ್ಬಿಟ್ಳಂತೆ!

ಶಿವ ಶಿವಾ. ಮದುವೆಗೆ ಇನ್ನು ನಾಕು ದಿನ ಇತ್ತಂತೆ.

ಬೆಳಗಾಗೋದೇ ತಡ, ಐಸಿರಿಯಮ್ಮನ ಬಾಗಿಲಲ್ಲಿ ಎತ್ತಿನ ಗಾಡಿ. ಎಲ್ಲಿಗಮ್ಮಾ ಅಂದ್ರೆ ಹರಕೆ ತೀರಿಸ್ಕೊಂಡು ಬರ್ತೀನಿ ಅಂದ್ಳಂತೆ. ನಮ್ಮ ಒಡವೆ ಎಲ್ಲಮ್ಮಾ ಅಂದ್ರಂತೆ ಹೆಂಗಸರು. ಅವಳು ಉಬ್ಬಿಕೊಂಡ ಸೊಂಟ ತಟ್ಟಿಕೊಂಡು, ಎಲ್ಲಾ ಅಮ್ಮನೋರ ಹತ್ರ ಇಲ್ಲೇ ಐತಲ್ಲ, ಮಡಿಲಿಗೆ ಹಾಕಿದ್ದನ್ನ ವಾಪಸ್ ಕೇಳ್ತೀರಾ, ನೀವು ಹೆಂಗಸರಾ ಅಂದ್ಳಂತೆ. ಮಾದೇವಿ ಅಳಲೂ ಇಲ್ವಂತೆ, ಬರೀ ಕೊರಳು ಮುಟ್ಟಿ ಮುಟ್ಟಿ ನೋಡ್ಕೋತಿದ್ಳಂತೆ.

ಅಷ್ಟೊತ್ತಿಗೆ ಚಿಕ್ಕತಾಯಿ ಮೊರದ ತುಂಬ ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ ಇಟ್ಕೊಂಡು ಬಂದ್ಳಂತೆ. ಯಾರೂ ಏನೂ ವಾಪಸ್ ಕೇಳಲ್ಲ ತಾಯಿ, ನೀನು ಈ ಬೀದಿ ಮಗಳು ಅಂದಿದ್ಯಲ್ಲ, ಮಗಳನ್ನ ಬರಿ ಮಡಿಲಲ್ಲಿ ಕಳಿಸೋ ಊರಲ್ಲ ಇದು, ಒಡ್ಡು ಸೆರಗು ಅಂದ್ಳಂತೆ. ಬೇಡ ಅಂದ್ರೆ ಮಗಳು ಅಂದಿದ್ದೇ ಸುಳ್ಳಾಗುತ್ತೆ, ಸುತ್ತ ಮೂರು ಬೀದಿ ಹೆಂಗಸರು ನಿಂತವ್ರೆ. ಒಡವೆ ಗಂಟು ನೆರಿಗೆ ಒಳಗೆ ಸಿಕ್ಕಿಸ್ಕೊಂಡು, ಅದರ ಮೇಲೆ ಸೊಂಟಕ್ಕೆ ಬಿಗಿದಿದ್ದ ಸೆರಗು ಬಿಚ್ಚಿ ಒಡ್ಡಿದ್ಳಂತೆ. ಚಿಕ್ಕತಾಯಿ ಒಂದು ಮೊರ ಸುರಿದ್ಳು, ಬಳೆಗಾರ್ತಿಗೂ ಸೂಕ್ಷ್ಮ ಹೊಳೀತು, ಓಡೋಗಿ ಅವಳೂ ಒಂದು ಮೊರ ತಂದು ಸುರಿದ್ಳು, ಆಮೇಲೆ ಇನ್ನೊಬ್ಳು, ಆಮೇಲೆ ಮತ್ತೊಬ್ಳು. ಐಸಿರಿಯಮ್ಮ ಎರಡು ಕೈಲೂ ಸೆರಗು ಹಿಡ್ಕೊಂಡ್ರೂ ಭಾರ ತಡೀಲಿಲ್ವಂತೆ. ಸಾಕು ಸಾಕು ಅಂತ ಗಾಡಿ ಕಡೆ ತಿರುಗಿದ್ಳಂತೆ.

ಇರು ತಾಯಿ, ಮೂರು ಹಿಡಿ? ಅಂದ್ಳಂತೆ ಚಿಕ್ಕತಾಯಿ.

ನಿಂಗೆ ಗೊತ್ತಲ್ಲ ಕೂಸೆ, ನಿಮ್ಮತ್ತೆ ಬಂದು ಹೋಗುವಾಗ ನೋಡಿದೀಯ. ಮಡಿಲಕ್ಕಿ ಕಟ್ಟಿಸ್ಕೊಂಡ ಮಗಳು ಹೊಸ್ತಿಲ ಹತ್ರ ನಿಂತು ಮೂರು ಹಿಡಿ ಅಕ್ಕಿ ತಿರುಗಿ ತೌರಿಗೇ ಹಾಕಿ ಹೋಗ್ಬೇಕು, ಇಲ್ಲಾಂದ್ರೆ ತೌರಿನ ಐಸಿರಿ ಅವಳ ಜೊತೆ ಹೊರಟೋಗುತ್ತೆ. ತೌರಲ್ಲಿ ಹುಟ್ಟಿದ ಯಾವ ಹೆಂಗಸು ಇದಕ್ಕೆ ಒಲ್ಲೆ ಅಂತಾಳೆ?

ಅಕ್ಕಿ ಹಾಕ್ಬೇಕಾದ್ರೆ ಒಂದು ಕೈ ಬಿಡಬೇಕಲ್ಲ. ಬಿಟ್ಳಂತೆ. ಮೊದಲನೇ ಹಿಡಿಗೆ ಸೆರಗು ಜಗ್ಗಿತಂತೆ. ಎರಡನೇ ಹಿಡಿಗೆ ನೆರಿಗೆ ಸಡಿಲ ಆಯ್ತಂತೆ. ಮೂರನೇ ಹಿಡಿಗೆ ಬಗ್ಗಿದ್ಳು ನೋಡು, ಧೊಪ್ ಅಂತ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಅದರ ಹಿಂದೇನೇ ಸೊಂಟದ ಗಂಟು ಹೊಸ್ತಿಲ ಮೇಲೆ ಬಿದ್ದು ಒಡೀತಂತೆ! ಓಲೆ, ಉಂಗುರ, ಡಾಬು, ಅಯ್ಯಯ್ಯೋ, ಯಾವಳದೋ ತಾಳಿ ಕೂಡ! ಎಲ್ಲಾರೂ ಕಣ್ಣು ಮುಚ್ಚಿ ಕಣ್ಣು ತೆರೆದ್ರಂತೆ. ಯಾರೂ ಕೇಳಲಿಲ್ಲ, ಅವಳೇ ತನ್ನ ಕೈಯಾರೆ ತೌರಿಗೆ ಹಾಕಿದ್ಳು ಅಂತ ಚಿಕ್ಕತಾಯಿ ಕಾಸಿನ ಸರ ಆರಿಸಿ ಅಕ್ಕಿ ಒರೆಸಿ ಮಾದೇವಿ ಕೊರಳಿಗೆ ಹಾಕಿದ್ಳಂತೆ. ಬಳೆಗಾರ್ತಿ ನೆಟ್ಟಗೆ ಹೋಗಿ ಕೆಂಪಾಜಿ ಮೂಗಿಗೇ ಕೈ ಹಾಕಿದ್ಳಂತೆ. ಐಸಿರಿಯಮ್ಮ ನೆರಿಗೆ ಹಿಡ್ಕೊಂಡು ಗಾಡಿ ಹತ್ತಿದ್ಳು. ಚೆಲ್ಲಿದ್ದ ಅಕ್ಕಿ ಬಳಿದು ಗಾಡಿಗೆ ಹಾಕಿದ್ರಂತೆ, ಮಡಿಲಿಗೆ ಕೊಟ್ಟ ಅಕ್ಕಿ ಅಲ್ವಾ, ಅದನ್ನ ಇಟ್ಕೊಳ್ಳೋಕಾಗುತ್ತಾ?

ಮದುವೆ ಜೋರಾಗಿ ನಡೀತಂತೆ. ಚಿಕ್ಕತಾಯಿನ ಅತ್ತೇನೇ ಕೈ ಹಿಡಿದು ನಡುಮನೇಲಿ ಕೂರಿಸಿ ಬಡಿಸಿದ್ಳಂತೆ. ಆಮೇಲೆ ಸಂತೆಮಾಳದಲ್ಲಿ ಕೆಂಪಾಜಿ ಈರುಳ್ಳಿ ಹೆಚ್ಚೋದು, ಪುಟ್ಟಗೌರಿ ಕಡ್ಲೇಬೀಜ ಹುರಿಯೋದು, ಚಿಕ್ಕತಾಯಿ ಕಲಸೋದು. ಹಂಗೆ ಸುಖವಾಗಿದ್ರಂತೆ, ಅಲ್ಲಿಗೆ ಪೊಟ್ಟಣ ಖಾಲಿ, ಕತೆ ಮುಗೀತು, ಮಲಗು.

ಆ ಚುರುಮುರಿ ಇವತ್ತಿಗೂ ತಿಬ್ಬಾದೇವಿ ಮಾರ್ತಾಳೆ ನೋಡು, ಬೀದೀಲಿ ಕೂತ್ಕೊಂಡು, ಈ ಕಾಲದಲ್ಲೂ, ಒಂಚೂರು ನಾಚಿಕೆ... ಯಾರದು? ಬಾಗಿಲು ಯಾರು ತೆಗೆದಿದ್ದು?

ನೋಡಿದ್ಯಾ, ಬಂದೇಬಿಟ್ಳು! ಕೈಯಲ್ಲಿ ಕೂಸಿಗೊಂದು ಪೊಟ್ಟಣ, ಮುಖದಲ್ಲಿ ನಗು, ನನ್ನ ಮುಖದ ಮುಂದೇನೇ ನಿಂತು ಏನಂತಾಳೆ ಕೇಳು:

ಗೋಡೆಯಾಚೆ ಎಲ್ಲಾ ಕೇಳಿಸ್ತು ಕಣಜ್ಜಿ, ನಮ್ಮತ್ತೇನೂ ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ. ಬಿಟ್ಟಿ ಯಾಕೆ ಹೇಳ್ತೀಯ? ನಾಳೆ ಸಂತೆ, ನನ್ನ ಪಕ್ಕ ಒಂದು ಮಣೆ ಹಾಕಿರ್ತೀನಿ, ಈರುಳ್ಳಿ ಹೆಚ್ಕೊಂಡು ಇದನ್ನೇ ಹೇಳು, ಕೇಳೋಕೆ ನಿಂತೋರು ತಿನ್ನದೆ ಹೋಗಲ್ಲ. ಸಂಜೆಗೆ ಕೂಲಿ ಕೈಗೆ. ಮೂರು ಜನಾನ ಕರ್ಕೊಂಡು ಬರೋದೇನೂ ಬೇಡ, ನೀನೊಬ್ಳು ಬಂದ್ರೆ ಸಾಕು.