ಪುತ್ರಪ್ಪ ಸಂಬಂಧ ಕಡಿದದ್ದು

ಹೂಂಗುಟ್ಟುವವರಿದ್ದರೆ ಕತೆ ಓಡುತ್ತದೆ, ಇಲ್ಲದಿದ್ದರೆ ನಡೆಯುತ್ತದೆ, ನಿಲ್ಲುವುದಂತೂ ಇಲ್ಲ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ದ್ಯಾಮವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಪುತ್ರಪ್ಪ. ಹೇಳಿದ ಮಾತಿಗೆ ಒಂದಕ್ಷರ ಮೀರದ ಮಗ. ಅಂಥ ಮಗ ಬೇಕೆಂದು ಊರ ತಾಯಂದಿರು ಹರಕೆ ಹೊರುತ್ತಿದ್ದರೆ, ದ್ಯಾಮವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ದ್ಯಾಮವ್ವ ಶಾವಿಗೆ ಒತ್ತುವ ಮಷೀನು ಮಾಡುವವಳು. ಗಂಡ ಇದ್ದಾಗ ಶೆಡ್ಡಿನ ಬೋರ್ಡಿನ ಮೇಲೆ ‘ಸಂಗಣ್ಣ ಅಂಡ್ ಬ್ರದರ್ಸ್’ ಅಂತಿತ್ತು. ಸಂಗಣ್ಣ ಅವಳ ಮೈದುನ. ಲೇಥ್ ತಿರುಗಿಸುವವಳು ದ್ಯಾಮವ್ವ, ಹೆಸರು ಸಂಗಣ್ಣನದು! ಗಂಡ ಸತ್ತ ಮೇಲೆ ಜಗಳಾಡಿ ಬೇರೆಯಾದಳು. ಶೆಡ್ಡು ಅವಳ ಪಾಲಿಗೆ ಬಂತು, ಬೋರ್ಡನ್ನು ಕಿತ್ತು ಹಿತ್ತಲಿಗೆ ಎಸೆದಳು. ಸಂಗಣ್ಣ ರಸ್ತೆಯಾಚೆ ಹೊಸ ಶೆಡ್ಡು ಹಾಕಿದ. ಅವನ ನೆರಳನ್ನೂ ತುಳಿಯುವುದಿಲ್ಲ ಅಂತ ಇವಳ ಹಟ.

ಈಗ ಅಣ್ಣಿಗೇರಿಯ ಮಹಿಳಾ ಸಂಘದ ಅಧ್ಯಕ್ಷೆ ಪಾರಕ್ಕ, ಅಂದರೆ ದ್ಯಾಮವ್ವನ ಅಣ್ಣನ ಹೆಂಡತಿ, ಒಂದು ಮಾತು ಕೊಟ್ಟಿದ್ದಳು. “ಕುಂತು ಒತ್ತೂವಂಥಾ ಗಿಡ್ಡ ಮಷೀನ್ ಮಾಡು. ಚಲೋ ಇದ್ರ ಸಂಘದ ಮಷೀನೆಲ್ಲಾ ನಿನ್ನ ಕಡೇನ ತಗೋತೀವಿ. ಎಲ್ಲಾದ್ರ ಮ್ಯಾಲೂ ನಿನ್ನ ಹೆಸರ ಬರಸು.”

ತನ್ನ ಹೆಸರು! ದ್ಯಾಮವ್ವ ಅವತ್ತೇ ಪೇಂಟರ್ ಹುಸೇನಸಾಬನಿಗೆ ‘ದ್ಯಾಮವ್ವ ಎಂಜಿನಿಯರಿಂಗ್’ ಅಂತ ಬೋರ್ಡು ಬರೆಯಲು ಹೇಳಿದಳು. ಕ್ಯಾಡ್ ಕ್ಲಾಸು ಮುಗಿಸಿದ ಮಗನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ನಕ್ಷೆ ಬಿಡಿಸು ಅಂದಳು.

ಬಿಡಿಸಿದ. ಚಂದವಾಗಿಯೇ ಬಿಡಿಸಿದ. ದ್ಯಾಮವ್ವ ಹಿಂದೆ ನಿಂತು ನೋಡಿದಳು. ಶಾಲೆ ಕಂಡವಳಲ್ಲ. ಕನ್ನಡ, ಇಂಗ್ಲಿಷು ಎರಡನ್ನೂ ಅಕ್ಷರ ಕೂಡಿಸಿ ಕೂಡಿಸಿ ತಾನೇ ಕಲಿತವಳು. ಹಾಗಾಗಿ ತನಗೆ ತಿಳಿಯದ್ದು ಯಾವುದೂ ಇಲ್ಲ ಅಂತ ಅವಳಿಗೆ ಖಾತ್ರಿ.

“ನಡುವ ಅದೇನೋ ಚುಕ್ಕಿ ಗೆರಿ? ಕಣ್ಣಿಗೆ ಚುಚ್ಚತೈತಿ, ಅಳಸು!”

“ಅಳಸ್ಲೇನವ್ವಾ?”

“ಅಳಸಂದ್ರ ಅಳಸು!”

ಅಳಿಸಿದ. ಆ ಗೆರೆಯಿಂದ ಅಳತೆ ಹಿಡಿದೇ ತೂತು ಇಟ್ಟಿದ್ದ. ಗೆರೆ ಹೋಯಿತು, ತೂತು ಹೋದವು. ತೂತಿನೊಳಗಿನ ಬೋಲ್ಟು ಹೋದವು, ಬೋಲ್ಟಿಗೆ ನಿಂತ ಹಿಡಿಕೆ ಹೋಯಿತು. ಪರದೆ ತುಂಬ ತಪ್ಪು ತೋರಿಸುವ ಗುರುತು, ಕೆಂಪೋ ಕೆಂಪು!

“ಹುಚ್ಚಪ್ಯಾಲಿ! ಹಂಗ ತಗದಬಿಡೋದೇನು? ಏನರ ತಗಿಯೋ ಮುಂದ, ಅದರ ಮ್ಯಾಲೆ ಯಾರ್ ನಿಂತಾರ ಅಂತ ಕೇಳಿ ತಗೀಬೇಕು!”

“ಆತವ್ವಾ. ಕೇಳಿ ತಗೀತೀನಿ.”

ಮರುದಿನ ದ್ಯಾಮವ್ವ ಒಳಗಿನಿಂದ ಕೂಗಿದಳು. “ಪುತ್ರಪ್ಪಾ, ಗ್ವಾಡಿಗಿರೋ ಏಣಿ ಒಳಗ ತಗೊಂಡ್ ಬಾ!”

ಪುತ್ರಪ್ಪ ಹೊರಗೆ ಹೋದ. ಏಣಿಯ ಬುಡದಲ್ಲಿ ನಿಂತು ಕೇಳಿದ. “ಮ್ಯಾಲೆ ಯಾರ್ ನಿಂತೀರಿ?”

“ನಾನಪಾ, ಹುಸೇನಸಾಬ. ಬೋರ್ಡ್ ಬರ್ಯಾಕತ್ತೀನಿ.”

“ಆತು,” ಅಂದ ಪುತ್ರಪ್ಪ. ಏಣಿ ತಂದ.

ಹುಸೇನಸಾಬ ಹೊಸ ಬೋರ್ಡಿಗೆ ಬಾವಲಿಯ ಹಾಗೆ ಜೋತುಬಿದ್ದು, ಬಣ್ಣದ ಡಬ್ಬಿಯ ಜೊತೆ ಕೆಳಗಿನ ಚಿಂದಿ ರಾಶಿಗೆ ಇಳಿದ. ಎಲುಬು ಉಳಿದವು, ಬಣ್ಣ ಉಳಿಯಲಿಲ್ಲ.

“ಕೇಳಿ ತಗದೆ ಯವ್ವಾ!”

“ಅಯ್ಯ ಖೋಡಿ! ಯಾರರ ನಿಂತಿದ್ರ ಅದನ್ನ ಮುಟ್ಟಬಾರದೋ! ಇರೋದನ್ನ ಇದ್ದಂಗ ಬಿಡು. ಅದರಂಥದ್ದ ಇನ್ನೊಂದು ಮಾಡಿ, ಅದಕ್ಕ ಕೈ ಹಚ್ಚು!”

“ಆತವ್ವಾ. ಇನ್ನೊಂದು ಮಾಡಿ ಹಚ್ಚತೀನಿ.”

ಪಾರಕ್ಕನಿಗೆ ಗಿಡ್ಡ ಮಷೀನು ಬೇಕಲ್ಲ. ಪುತ್ರಪ್ಪ ಪರದೆಯ ಮೇಲೆ ತಾನು ಬಿಡಿಸಿದ್ದ ದೊಡ್ಡ ಮಷೀನನ್ನು ಇದ್ದಂಗ ಬಿಟ್ಟ. ಅದರ ಪಕ್ಕ ಅಂಥದ್ದೇ ಇನ್ನೊಂದು ಕಾಪಿ ಮಾಡಿ, ಅದರ ಒಂದು ಕಾಲು ಗಿಡ್ಡ ಮಾಡಿದ. ನೋಡನೋಡುತ್ತಲೇ ಅದರ ನಾಲ್ಕೂ ಕಾಲು ಗಿಡ್ಡಾದವು. ಪಕ್ಕದ ದೊಡ್ಡ ಮಷೀನೂ ದೊಪ್ಪನೆ ಕುಕ್ಕರಿಸಿತು!

“ಏ ಮಂಗ್ಯಾ! ದೊಡ್ಡದನ್ನ ಯಾಕ ಕಡದಿ?”

“ಮುಟ್ಟೇ ಇಲ್ಲವ್ವಾ! ಕಾಪಿಗೆ ಅಷ್ಟ ಕೈ ಹಚ್ಚೀನಿ!”

ದ್ಯಾಮವ್ವ ಕನ್ನಡಕ ಏರಿಸಿ ಪರದೆಯ ಮೂಲೆಯ ಅಕ್ಷರ ಕೂಡಿಸಿದಳು. ಎಲ್, ಐ, ಎನ್, ಕೆ. ಲಿಂಕ್! “ಲಿಂಕ್ ಅಂದ್ರ ಸಂಬಂಧ. ಇವಕ್ಕೆಲ್ಲಾ ಒಂದಕ್ಕೊಂದು ಸಂಬಂಧ ಐತೋ! ಒಂದರ ಕಾಲು ಕಡದ್ರ ಎಲ್ಲಾದ್ರ ಕಾಲೂ ಹೋಗತಾವು. ಇನ್ನ ಮುಂದ ಮೊದಲು ಸಂಬಂಧ ಕಡಿ, ಆಮ್ಯಾಲೆ ಕೈ ಹಚ್ಚು!”

“ಆತವ್ವಾ. ಸಂಬಂಧ ಕಡದು ಹಚ್ಚತೀನಿ.”

ಅಷ್ಟರಲ್ಲಿ ಹೊರಗೆ ಟೆಂಪೋ ನಿಂತಿತು. ನಕ್ಷೆ ನೋಡಲು ಪಾರಕ್ಕನೇ ಬಂದಿದ್ದಳು. ದಪ್ಪ ಹೆಂಗಸು, ಮೊಣಕಾಲು ನೋವು. ಮೇಲಿನಿಂದಲೇ ಅಕ್ಕರೆಯಿಂದ ಕರೆದಳು. “ಅಳಿಯಾ, ಬಾರೋ, ಕೈ ಹಚ್ಚಿ ಇಳಸು!”

ಪುತ್ರಪ್ಪ ಮುಂದೆ ಬಂದ. ಕೈ ಚಾಚಿದ. ನೆನಪಾಗಿ ಹಿಂದಕ್ಕೆಳೆದ.

“ಅತ್ತೀ, ಇವತ್ತಿಗೆ ನಮಗೂ ನಿಮಗೂ ಸಂಬಂಧ ಕಡೀತು!” ಅಂದು, ಮತ್ತೆ ಪ್ರೀತಿಯಿಂದ ಕೈ ಚಾಚಿದ. “ಈಗ ಬರ್ರಿ, ಇಳಸ್ತೀನಿ.”

ಪಾರಕ್ಕ ತಾನೇ ಇಳಿದಳು. ಮೊಣಕಾಲು ನೋವು ಎಲ್ಲಿ ಹೋಯಿತೋ! “ದ್ಯಾಮವ್ವಾ, ಮಗನ ಬಾಯಿಂದ ಹೇಳಸ್ತಿ? ಸಂಗಣ್ಣನೂ ಮಷೀನ್ ಮಾಡ್ತಾನ!” ಅನ್ನುತ್ತ ಭರಭರ ರಸ್ತೆ ದಾಟಿದಳು.

ದ್ಯಾಮವ್ವನ ಹೆಸರು ಆ ಸೆರಗಿನ ಜೊತೆಗೇ ರಸ್ತೆ ದಾಟಿದ ಹಾಗಾಯಿತು. ತಾನು ಹೋಗಿ ಕರೆಯಬಹುದಿತ್ತು. ಆದರೆ ಅದು ಸಂಗಣ್ಣನ ಶೆಡ್ಡು! ಹಟ ಬಿಡಲಿಲ್ಲ. ಮಗನಿಗೇ ಹೇಳಿದಳು.

“ಎಲ್ಲಾ ಮೊದಲಿನಂಗ ಮಾಡು ಹೋಗೋ!”

“ಎಲ್ಲಾ?”

“ಎಲ್ಲಾ ಅಂದ್ರ ಎಲ್ಲಾ! ಮೊದಲು ಹೆಂಗಿತ್ತೋ ಹಂಗ!” ಅಂದು ಒಳಗೆ ಹೋಗಿ ಮುಸುಕೆಳೆದು ಮಲಗಿದಳು.

ಪುತ್ರಪ್ಪ ಮೊದಲು ಕಂಪ್ಯೂಟರಿಗೆ ಹೋಗಿ, ಹಿಂದಕ್ಕೆ ತರುವ ಕೀಲಿ ಒತ್ತುತ್ತ ಹೋದ. ಫೈಲು ಮುಚ್ಚು ಅಂತ ಯಾರೂ ಹೇಳಿರಲಿಲ್ಲವಾದ್ದರಿಂದ ಮುಚ್ಚಿರಲಿಲ್ಲ. ಕಾಲು ಉದ್ದಾದವು, ತೂತು ಬಂದವು, ಚುಕ್ಕಿ ಗೆರೆಯೂ ಬಂತು. ಅಲ್ಲಿಗೆ ಬಿಟ್ಟಿದ್ದರೆ ಇದು ಜಾಣನ ಕತೆಯಾಗುತ್ತಿತ್ತು. ಎಲ್ಲಾ ಅಂದಿದ್ದಳಲ್ಲ? ಪುತ್ರಪ್ಪ ರಸ್ತೆ ದಾಟಿದ. “ಕಾಕಾ, ಎಲ್ಲಾ ಮೊದಲಿನಂಗ ಆಗಬೇಕಂತ ಅವ್ವ ಅಂದಾಳ.”

ಸಂಗಣ್ಣನ ಕಣ್ಣಲ್ಲಿ ನೀರು ಬಂತು. ಪಾರಕ್ಕನ ಕಣ್ಣಲ್ಲೂ ಬಂತು. “ಒಂದಾದ್ರಲ್ಲಾ, ಸಾಕು! ಮಷೀನೆಲ್ಲಾ ನೀವ ಕೂಡಿ ಮಾಡ್ರಿ,” ಅಂದಳು. ಎಲ್ಲರೂ ಕೂಡಿ ಹೊಸ ಬೋರ್ಡು ಇಳಿಸಿ, ಹಿತ್ತಲಿನ ಹಳೆಯ ಬೋರ್ಡು ತಂದು, ತೊಳೆದು, ಗಟ್ಟಿ ಮೊಳೆ ಹೊಡೆದರು.

ಸದ್ದಿಗೆ ದ್ಯಾಮವ್ವ ಎದ್ದು ಬಂದಳು. ತಲೆ ಎತ್ತಿದಳು. ‘ಸಂಗಣ್ಣ ಅಂಡ್ ಬ್ರದರ್ಸ್!’

ಸೀರೆ ಕಚ್ಚೆ ಕಟ್ಟಿ, ಸುತ್ತಿಗೆ ಹಿಡಿದು ತಾನೇ ಏಣಿ ಹತ್ತಿದಳು. ಅರ್ಧ ಮೊಳೆ ಕಿತ್ತಿರಲಿಲ್ಲ, ಕೆಳಗಿನಿಂದ ದನಿ ಬಂತು.

“ಮ್ಯಾಲೆ ಯಾರ್ ನಿಂತೀರಿ?”

“ನಾನೋ, ನಿಮ್ಮವ್ವ! ನಿಂತಿದ್ರ ಮುಟ್ಟಬಾರದಂತ ಹೇಳಿಲ್ಲೇನು?”

“ಅದು ಆಮ್ಯಾಲೆ ಹೇಳಿದ್ದವ್ವಾ,” ಅಂದ ಪುತ್ರಪ್ಪ. “ಈಗ ಎಲ್ಲಾ ಮೊದಲಿನಂಗ. ಕೇಳಿ ತಗೀತೀನಿ.”

ಏಣಿ ತೆಗೆದುಕೊಂಡು ಒಳಗೆ ನಡೆದ.

ದ್ಯಾಮವ್ವ ಎರಡೂ ಕೈಯಿಂದ ಬೋರ್ಡಿಗೆ ಜೋತುಬಿದ್ದಳು. ಸಂಗಣ್ಣ ಕೆಳಗೆ ಚಿಂದಿ ರಾಶಿ ಎಳೆಯುತ್ತ ಕೂಗಿದ. “ವೈನೀ, ಬಿಡಬ್ಯಾಡ್ರಿ! ನನ್ನ ಹೆಸರು ಗಟ್ಟಿ ಹಿಡಕೋರಿ!”