ಫಕ್ಕೀರವ್ವನ ಮುಚ್ಚಿದ ಪೆಟ್ಟಿಗಿ

ನಿದ್ದಿ ಬಂದವರು ಗ್ವಾಡಿಗಿ ಒರಗಿಕೊಂಡ ಕೇಳ್ರಿ. ಈ ಕತಿ ಕಣ್ಣ ಮುಚ್ಚಿದ್ರ ಇನ್ನೂ ಚಂದ ಕಾಣತೈತಿ. ಹಳ್ಳದ ದಂಡಿ ಮ್ಯಾಲ ಒಂದ ಊರು. ಆ ಊರಾಗ ಫಕ್ಕೀರವ್ವ, ಆಕಿ ಮಗ ಅಡಿವೆಪ್ಪ. ಕೂತಲ್ಲೇ ಕೂತು ಮೋಡ ನೋಡಾಂವ. ಹೇಳಿದ್ದಷ್ಟ ಮಾಡಾಂವ, ಒಂದ ಎಳಿ ಹೆಚ್ಚಿಲ್ಲ, ಒಂದ ಎಳಿ ಕಡಿಮಿಲ್ಲ. ಅವನ ಚಿಂತ್ಯಾಗ ಅವ್ವನ ತಲಿ ಬೆಳ್ಳಗಾಗಿತ್ತು.

ಸಂತಿ ದಿನ ಹಳ್ಳದ ಉಸುಕಿನಾಗ ಟಗರಿನ ಕಾಳಗ. ಜನ ಫಕ್ಕೀರವ್ವನ ಪೆಟ್ಟಿಗ್ಯಾಗ ತೆಂಗಿನಕಾಯಿ ಹಾಕಿ ಪಂಥ ಕಟ್ಟೋರು. ಕರೇ ಟಗರಿಗಿ ಮಸಿ ಹಚ್ಚಿದ ಕಾಯಿ, ಬಿಳೇದಕ್ಕ ಸುಣ್ಣ ಹಚ್ಚಿದ ಕಾಯಿ. ಗೆದ್ದಾಂವಗ ಆಕಿ ಒಂದಕ್ಕ ಎರಡ ಕೊಡಬೇಕು, ಸೋತಾಂವನ ಕಾಯಿ ಆಕಿದು. ಅದರಾಗ ಮನಿ ನಡೀತಿತ್ತು. ಆ ವರ್ಷ ಆಕಿ ಮೊಣಕಾಲ ಹಿಡಕೊಂತು, ಪೆಟ್ಟಿಗಿ ಮುಂದ ಮಗನ್ನ ಕೂಡಿಸಿದ್ಲು.

ಮೊದಲನೇ ಸಂತ್ಯಾಗ ಕರೇ ಟಗರು ಕುಂಟಕೋತ ಬಂತು. ಕಂಡವರೆಲ್ಲ ಬಿಳೇದಕ್ಕ ಕಾಯಿ ತಂದ ಸುರದ್ರು. ಅಡಿವೆಪ್ಪ ನಕ್ಕೋತ ಇಸಗೊಂಡ. ಬಿಳೇದ ಗೆದ್ದತು. ಮನ್ಯಾಗಿನ ಅರ್ಧ ಕಾಯಿ ಖಾಲಿ.

"ಏ ಹುಚ್ಚಪ್ಪಾ, ಕುಂಟೋದು ಕಂಡ ಕೂಡ್ಲೆ ಪೆಟ್ಟಿಗಿ ಮುಚ್ಚಬೇಕೋ. ಪೆಟ್ಟಿಗಿ ಮುಚ್ಚಿದ್ರ ಪಂಥ ಬಂದ್. ಯಾಕ ಕುಂಟತೈತಿ ತಿಳಕೊಂಡು ಆಮ್ಯಾಲ ತಗೀಬೇಕು."

"ಹೂಂ ಅವ್ವಾ."

ಮುಂದಿನ ಸಂತಿ. ಕಾಯಿ ಹಿಡಕೊಂಡು, ಕೋಲು ಊರಕೋತ ನಾಗನಗೌಡಜ್ಜ ಬಂದ. ಧಪ್ಪಂತ ಪೆಟ್ಟಿಗಿ ಮುಚ್ಚಿದ ಅಡಿವೆಪ್ಪ.

"ಅಜ್ಜಾ, ನೀ ಯಾಕ ಕುಂಟತಿ?"

"ಸಣ್ಣಾಂವಿದ್ದಾಗ ಗಿಡದಿಂದ ಬಿದ್ದಿದ್ದೆ."

"ಗಿಡ ಯಾಕ ಏರಿದ್ದಿ?"

"ನೇರಳೆಹಣ್ಣಿಗಿ."

"ಹಣ್ಣ ಸಿಕ್ಕಿತ್ತಾ?"

ಅಜ್ಜಗ ಯಾರೂ ಈ ಮಾತ ಕೇಳಿದ್ದಿಲ್ಲ. ಉಸುಕಿನಾಗ ಕೂತು ಆ ಗಿಡ, ಆ ತಂಪು, ನೀಲಿ ಆದ ನಾಲಿಗಿ ಎಲ್ಲಾ ಹೇಳಕೋತ ಹ್ವಾದ. ಇಬ್ಬರೂ ಆ ನೆರಳಾಗ ಮೈಮರತು ಕೂತ್ರು. ಅಷ್ಟರಾಗ ಕಾಳಗ ಮುಗದಿತ್ತು. ಪಂಥಕ್ಕ ಬಂದವರು ಬೈಕೋತ ಹೊಳ್ಳಿ ಹೋಗಿದ್ರು.

"ಕಂಡವರ ಕಾಲು ಹೆಂಗರ ಕುಂಟಲಿ, ನಿನಗ್ಯಾಕೋ?" ಅಂದ್ಲು ಫಕ್ಕೀರವ್ವ. "ಇಲ್ಲಿ ಕೇಳು. ಟಗರಿನ ಸುದ್ದಿ ಒಬ್ಬಂಗ ಗೊತ್ತಿದ್ದು ಉಳದವರಿಗಿ ಗೊತ್ತಿಲ್ಲಂದ್ರ, ಆ ಒಬ್ಬ ನಮ್ಮ ಮನಿ ಗುಡಿಸಿ ಹೋಗತಾನ. ಅದಕ್ಕ ಮುಚ್ಚೋದು. ಎಲ್ಲಾರಿಗೂ ಗೊತ್ತಾದ ಮ್ಯಾಲ ತಗಿ. ಇನ್ನ ಒಂದ ಚೀಲ ಕಾಯಿ ಉಳದಾವ. ಅವೂ ಹೋದ್ರ ನಾವು ಊರ ಬಿಡಬೇಕು."

ಹೇಳಕೋತ ಆಕಿ ಕಣ್ಣೀರ ತಗದ್ಲು. ಅಡಿವೆಪ್ಪಗ ಭಾಳ ಸಂಕಟಾತು.

"ಹೂಂ ಅವ್ವಾ."

ಅದರ ಮುಂದಿನ ಸಂತಿ. "ಯಾವ ಟಗರು ಗೆಲ್ಲತೈತಿ?" ಅಂತ ಬಂದವರನ್ನೆಲ್ಲ ಕೇಳಿದ. ಒಬ್ಬ ಕರೇದಂದ, ಒಬ್ಬ ಬಿಳೇದಂದ. "ಅಂದ್ರ ಇನ್ನೂ ಎಲ್ಲಾರಿಗೂ ಗೊತ್ತಿಲ್ಲ" ಅಂದು ಧಪ್ಪಂತ ಪೆಟ್ಟಿಗಿ ಮುಚ್ಚಿದ. ಅದರ ಮ್ಯಾಲ ಗದ್ದ ಇಟ್ಟು ಮೋಡ ನೋಡಿದ. ಮೋಡದಾಗೂ ಎರಡ ಟಗರು ಸಪ್ಪಳಿಲ್ಲದ ಗುದ್ದಾಡತಿದ್ವು, ಒಂದರಾಗ ಒಂದ ಕರಗತಿದ್ವು. ಅಲ್ಲಿ ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ.

ಕೆಳಗ ಕಾಳಗ ಮುಗದು ಹಲಗಿ ಬಾರಿಸಿದ್ರು. ಅಡಿವೆಪ್ಪ ಎಚ್ಚತ್ತ.

"ಯಾವುದು ಗೆದ್ದತು?"

"ಕರೇದು."

"ಎಲ್ಲಾರಿಗೂ ಗೊತ್ತಾತಾ?"

"ಎಲ್ಲಾರಿಗೂ ಗೊತ್ತಾತು."

ಅಡಿವೆಪ್ಪ ಪೆಟ್ಟಿಗಿ ತಗದ. "ಹಂಗಾರ ಬರ್ರಿ, ಈಗ ಪಂಥ ಕಟ್ರಿ."

ಊರಿಗಿ ಊರ ಮಸಿ ಹಚ್ಚಿದ ಕಾಯಿ ಹಿಡಕೊಂಡು ಸಾಲ ನಿಂತಿತು. ಸುದ್ದಿ ಕೇಳಿ ಫಕ್ಕೀರವ್ವ ಕುಂಟಕೋತ, ಬೀಳಕೋತ ಓಡಿ ಬಂದ್ಲು. ಮೊದಲನೇಂವ ಇನ್ನೇನ ಕಾಯಿ ಹಾಕಬೇಕು, ಅಡಿವೆಪ್ಪ ಅವ್ವನ್ನ ಕಂಡ. ಧಪ್ಪಂತ ಪೆಟ್ಟಿಗಿ ಮುಚ್ಚಿದ.

"ಪಂಥ ಬಂದ್. ನಮ್ಮವ್ವ ಕುಂಟತಾಳ."

"ಆಕಿ ಕುಂಟಿದ್ರ ನಮಗೇನೋ?"

"ಆಕಿ ಕಂಡವರಾಕಿ ಅಲ್ಲ, ನಮ್ಮವ್ವ." ಅವನ ಕಣ್ಣಾಗ ನೀರು. "ಅವ್ವಾ, ನೀ ಯಾಕ ಕುಂಟತಿ?"

ಫಕ್ಕೀರವ್ವ ಸಾಲ ನೋಡಿದ್ಲು, ಪೆಟ್ಟಿಗಿ ನೋಡಿದ್ಲು, ಮಗನ್ನ ನೋಡಿದ್ಲು. ಬಂದು ಪೆಟ್ಟಿಗಿ ಮ್ಯಾಲ ಕೂತ್ಲು.

"ಗೊತ್ತಿಲ್ಲಪಾ," ಅಂದ್ಲು. "ಗೊತ್ತಾದ್ರ ಹೇಳತೀನಿ. ಅಲ್ಲೀತನಕ ಪೆಟ್ಟಿಗಿ ತಗೀಬ್ಯಾಡ."

"ಹೂಂ ಅವ್ವಾ."

ಸಾಲಿನಾಗಿನ ಕಾಯಿ ಒಣಗಿ ಕೊಬ್ಬರಿ ಆದ್ವು. ಅವರು ಅಲ್ಲೇ ನಿಂತಿರಲಿ, ನೀವು ಏಳ್ರಿ, ಊಟಕ್ಕ ಕರ್ಯಾಕತ್ತಾರ.